ಹೊಸ ಟ್ಯಾಂಕಿನ ವಿವರಪಟ್ಟಿಯನ್ನು ಓದುವ ಕ್ರಮ

ಶಸ್ತ್ರಾಸ್ತ್ರ ಪ್ರದರ್ಶನವೊಂದರಲ್ಲಿ ಹೊಸ ಟ್ಯಾಂಕ್ ಅನಾವರಣಗೊಂಡಾಗ ಸುದ್ದಿಯ ತಲೆಬರಹಕ್ಕೆ ಏರುವ ಸಂಖ್ಯೆ ಸಾಮಾನ್ಯವಾಗಿ ಒಂದೇ: ಅದರ ಮುಖ್ಯ ಫಿರಂಗಿಯ ಒಳವ್ಯಾಸ. ಅದು 120 ಅಥವಾ 125 ಮಿ.ಮೀ. ಇರುತ್ತದೆ, ಈಚಿನ ವರ್ಷಗಳಲ್ಲಿ 130 ಮತ್ತು 140 ಮಿ.ಮೀ.ಗಳೂ ಸೇರಿಕೊಂಡಿವೆ. ಸಂಖ್ಯೆ ದೊಡ್ಡದಾದಷ್ಟೂ ಟ್ಯಾಂಕ್ ಬಲಶಾಲಿ ಎಂದು ಓದುಗರು ಭಾವಿಸುವುದು ಸಹಜ. ತಯಾರಕರ ಕರಪತ್ರಗಳೂ ಆ ಭಾವನೆಯನ್ನೇ ಪೋಷಿಸುತ್ತವೆ. ಆದರೆ ಎಷ್ಟು ಉದ್ದದ ಗುಂಡನ್ನು ಟ್ಯಾಂಕಿನೊಳಗೆ ಇಡಬಹುದು, ಎಲ್ಲಿ ಇಡಬಹುದು, ಅದನ್ನು ಫಿರಂಗಿಗೆ ತುಂಬುವವರು ಯಾರು, ಇವೆಲ್ಲದರ ತೂಕವನ್ನು ಎಂಜಿನ್ ಎಳೆಯಬಲ್ಲದೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಆ ಸಂಖ್ಯೆಗೆ ಅರ್ಥ ಬರುತ್ತದೆ. ಒಂದು ಟ್ಯಾಂಕಿನ ವಿವರಪಟ್ಟಿಯನ್ನು ಕೈಯಲ್ಲಿ ಹಿಡಿದು ಅದರ ವಿನ್ಯಾಸದ ಆಯ್ಕೆಗಳನ್ನು ಹೇಗೆ ಅಳೆಯಬೇಕು, ಯಾವ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದನ್ನು ಈ ಬರಹ ಹಂತಹಂತವಾಗಿ ತಿಳಿಸುತ್ತದೆ.

ಮೊದಲು ಒಂದು ಹಾಳೆಯಲ್ಲಿ ಕೆಲವು ವಿವರಗಳನ್ನು ಬರೆದುಕೊಳ್ಳಿ: ಫಿರಂಗಿಯ ಒಳವ್ಯಾಸ ಮತ್ತು ಬ್ಯಾರೆಲ್ಲಿನ ಉದ್ದ, ಒಟ್ಟು ಗುಂಡುಗಳ ಸಂಖ್ಯೆ ಮತ್ತು ಅವುಗಳಲ್ಲಿ ಒಡನೆಯೇ ಹಾರಿಸಲು ಸಿದ್ಧವಾಗಿರುವವು ಎಷ್ಟು, ಸಿಬ್ಬಂದಿಯ ಸಂಖ್ಯೆ, ಯುದ್ಧಸಜ್ಜಿತ ತೂಕ, ಎಂಜಿನ್ನಿನ ಅಶ್ವಶಕ್ತಿ, ಹಿಂಚಲನೆಯ ವೇಗ, ಫಿರಂಗಿಯನ್ನು ಕೆಳಕ್ಕೆ ಬಾಗಿಸಬಹುದಾದ ಕೋನ. ಕೊನೆಯ ಎರಡನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕರಪತ್ರಗಳಲ್ಲೂ ಅವು ಅನೇಕ ವೇಳೆ ಇರುವುದಿಲ್ಲ. ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಒಳವ್ಯಾಸದ ಪಕ್ಕದಲ್ಲಿರುವ ಇನ್ನೊಂದು ಸಂಖ್ಯೆ

ಜರ್ಮನಿಯ ರೈನ್‌ಮೆಟಲ್ ಸಂಸ್ಥೆಯ 120 ಮಿ.ಮೀ. ಫಿರಂಗಿಯನ್ನು ಎಲ್/44 ಅಥವಾ ಎಲ್/55 ಎಂದು ಗುರುತಿಸಿರುವುದನ್ನು ನೀವು ನೋಡಿರಬಹುದು. ಬ್ಯಾರೆಲ್ಲಿನ ಉದ್ದ ಒಳವ್ಯಾಸದ ಎಷ್ಟು ಪಟ್ಟು ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. 120 ಮಿ.ಮೀ.ಯನ್ನು 44ರಿಂದ ಗುಣಿಸಿದರೆ 5.28 ಮೀಟರ್, 55ರಿಂದ ಗುಣಿಸಿದರೆ 6.6 ಮೀಟರ್. ಮೊದಲನೆಯದು 1979ರಲ್ಲಿ ಸೇನೆಗೆ ಬಂದ ಜರ್ಮನಿಯ ಲೆಪರ್ಡ್ 2ರಲ್ಲಿಯೂ ಎಂ256 ಎಂಬ ಹೆಸರಿನಲ್ಲಿ ಅಮೆರಿಕದ ಎಂ1ಎ1 ಏಬ್ರಾಮ್ಸ್‌ನಲ್ಲಿಯೂ ಇದೆ. ಎರಡನೆಯದು ಲೆಪರ್ಡ್ 2ಎ6ರಿಂದ ಬಳಕೆಗೆ ಬಂತು. ಬ್ಯಾರೆಲ್ ಉದ್ದವಾದಂತೆ ಉರಿಯುವ ಮದ್ದಿನ ಅನಿಲವು ಗುಂಡನ್ನು ಹೆಚ್ಚು ದೂರದವರೆಗೆ ನೂಕುತ್ತದೆ, ಹೊರಬೀಳುವಾಗ ಗುಂಡಿನ ವೇಗ ಏರುತ್ತದೆ.

ಎಷ್ಟು ಏರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಡಿಎಂ53 ಎಂಬ ಕವಚಭೇದಿ ಗುಂಡು ಚಿಕ್ಕ ಬ್ಯಾರೆಲ್ಲಿನಿಂದ ಸೆಕೆಂಡಿಗೆ ಸುಮಾರು 1,670 ಮೀಟರ್, ಉದ್ದ ಬ್ಯಾರೆಲ್ಲಿನಿಂದ ಸುಮಾರು 1,750 ಮೀಟರ್ ವೇಗದಲ್ಲಿ ಹೊರಡುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 1,750ನ್ನು 1,670ರಿಂದ ಭಾಗಿಸಿ ವರ್ಗ ಮಾಡಿದರೆ 1.10 ಆಸುಪಾಸು ಬರುತ್ತದೆ. ಎಂದರೆ ಬ್ಯಾರೆಲ್ಲಿಗೆ 1.3 ಮೀಟರ್ ಕೂಡಿಸಿದ್ದಕ್ಕೆ ಸಿಕ್ಕ ಪ್ರತಿಫಲ ನೂರಕ್ಕೆ ಹತ್ತರಷ್ಟು ಹೆಚ್ಚಿನ ಶಕ್ತಿ. ಅದಕ್ಕೆ ತೆತ್ತ ಬೆಲೆ ಎಂದರೆ ಮುಂಭಾರ, ಇಕ್ಕಟ್ಟಾದ ಬೀದಿಯಲ್ಲಿಯೂ ಮರಗಳ ನಡುವೆಯೂ ಟರೆಟ್ (ಫಿರಂಗಿಯನ್ನು ಹೊತ್ತು ತಿರುಗುವ ಮೇಲ್ಭಾಗ) ತಿರುಗಿಸಲು ಆಗುವ ತೊಡಕು, ಮತ್ತು ಓಡುವಾಗ ಬ್ಯಾರೆಲ್ಲಿನ ತುದಿಯ ಹೆಚ್ಚಿನ ಕಂಪನ. ಜರ್ಮನಿ ಈ ಬೆಲೆಗೆ ಒಪ್ಪಿತು. ಅಮೆರಿಕ ಒಪ್ಪಲಿಲ್ಲ, ಚಿಕ್ಕ ಬ್ಯಾರೆಲ್ಲನ್ನೇ ಉಳಿಸಿಕೊಂಡು, ಶಕ್ತಿಗುಂದಿದ ಯುರೇನಿಯಂನಿಂದ ಮಾಡಿದ ಎಂ829 ಸರಣಿಯ ಗುಂಡುಗಳನ್ನು ಒಂದರ ಮೇಲೊಂದು ಸುಧಾರಿಸುತ್ತ ಹೋಯಿತು. ಒಂದೇ ಫಿರಂಗಿ ಕುಟುಂಬ, ಒಂದೇ ಗುರಿ, ಎರಡು ಬೇರೆ ದಾರಿಗಳು. ಆದ್ದರಿಂದ ಉದ್ದ ಬ್ಯಾರೆಲ್ ಕಂಡೊಡನೆ ಅದು ಮುಂದಿನ ತಲೆಮಾರಿನದು ಎಂದು ಗುರುತು ಹಾಕಬೇಡಿ. ಆ ದೇಶದ ಬಳಿ ಇರುವ ಗುಂಡು ಯಾವುದು ಎಂದು ಮೊದಲು ನೋಡಿ.

ಬೇರೆ ಬೇರೆ ಪರಂಪರೆಯ ಫಿರಂಗಿಗಳ ಒಳವ್ಯಾಸಗಳನ್ನು ನೇರವಾಗಿ ಹೋಲಿಸುವುದೂ ಸಲ್ಲದು. ಬ್ರಿಟನ್ನಿನ 105 ಮಿ.ಮೀ. ಎಲ್7 ಪಾಶ್ಚಾತ್ಯ ಸೇನೆಗಳಲ್ಲಿ ದಶಕಗಳ ಕಾಲ ಮಾನದಂಡವಾಗಿದ್ದಾಗ ಸೋವಿಯತ್ ಒಕ್ಕೂಟ ಟಿ-62ರಲ್ಲಿ 115 ಮಿ.ಮೀ.ಗೂ ಟಿ-64ಎ, ಟಿ-72ಗಳಲ್ಲಿ 125 ಮಿ.ಮೀ.ಗೂ ಹೋಯಿತು. ಬಳಿಕ ಬಂದ ಪಾಶ್ಚಾತ್ಯರ 120 ಮಿ.ಮೀ. ಫಿರಂಗಿ ಸಂಖ್ಯೆಯಲ್ಲಿ 125ಕ್ಕಿಂತ ಚಿಕ್ಕದು. ಆದರೂ ಅದು ಹಾರಿಸುವ ಸರಳು ಉದ್ದವಾಗಿದ್ದುದರಿಂದ ಕವಚವನ್ನು ಭೇದಿಸುವಲ್ಲಿ ಹಿಂದೆ ಬೀಳಲಿಲ್ಲ. ಇದಕ್ಕೆ ಕಾರಣ ಬ್ಯಾರೆಲ್ಲಿನಲ್ಲಿಲ್ಲ, ಟರೆಟ್ಟಿನ ನೆಲದ ಕೆಳಗಿದೆ. ಅಲ್ಲಿಗೆ ಹೋಗುವ ಮೊದಲು ಗುಂಡನ್ನೇ ನೋಡಬೇಕು.

ಗುಂಡನ್ನು ಬಿಚ್ಚಿ ನೋಡುವುದು

ಇಂದಿನ ಮುಖ್ಯ ಕವಚಭೇದಿ ಗುಂಡಿನ ಒಳಗೆ ಸಿಡಿಮದ್ದು ಇರುವುದಿಲ್ಲ. ಅದರ ಕೆಲಸ ಮಾಡುವ ಭಾಗ ಬಹಳ ತೆಳುವಾದ, ಬಹಳ ಉದ್ದವಾದ ಒಂದು ಲೋಹದ ಸರಳು. ಬ್ಯಾರೆಲ್ಲಿನ ಅಗಲವನ್ನು ತುಂಬಲು ಅದರ ನಡುವಿಗೆ ಸ್ಯಾಬೊ ಎಂಬ ಹಗುರವಾದ ಹೋಳುಗಳ ಕವಚವನ್ನು ತೊಡಿಸಿರುತ್ತಾರೆ. ಬಾಲದಲ್ಲಿ ಸಣ್ಣ ರೆಕ್ಕೆಗಳಿರುತ್ತವೆ. ಗುಂಡು ಬಾಯಿಯಿಂದ ಹೊರಬಿದ್ದ ಕೂಡಲೇ ಗಾಳಿಯ ಒತ್ತಡಕ್ಕೆ ಹೋಳುಗಳು ಕಳಚಿ ಬೀಳುತ್ತವೆ, ಸರಳು ಮಾತ್ರ ಮುಂದೆ ಸಾಗುತ್ತದೆ. ಇಡೀ ಬ್ಯಾರೆಲ್ಲಿನ ಅಗಲದ ಮೇಲೆ ಅನಿಲ ಒತ್ತುವುದರಿಂದ ಸಿಗುವ ಶಕ್ತಿಯನ್ನು ಗುರಿಯ ಮೇಲೆ ಕೆಲವೇ ಸೆಂಟಿಮೀಟರ್ ಅಗಲದ ಬಿಂದುವಿಗೆ ತಂದು ಸೇರಿಸುವುದು ಇದರ ತಂತ್ರ. ಟ್ಯಾಂಕ್ ಫಿರಂಗಿಗಳ ಬಾಯಿಯಲ್ಲಿ, ಅನಿಲವನ್ನು ಅಕ್ಕಪಕ್ಕಕ್ಕೆ ತಿರುಗಿಸಿ ಹಿನ್ನೂಕನ್ನು ತಗ್ಗಿಸುವ ಮಜಲ್ ಬ್ರೇಕ್ ಸಾಮಾನ್ಯವಾಗಿ ಕಾಣಿಸದಿರುವುದಕ್ಕೆ ಒಂದು ಕಾರಣ ಈ ಕಳಚುವ ಹೋಳುಗಳೇ. ಅಕ್ಕಪಕ್ಕಕ್ಕೆ ಚಿಮ್ಮುವ ಧೂಳು ಇನ್ನೊಂದು ಕಾರಣ.

ಇಷ್ಟೊಂದು ವೇಗದಲ್ಲಿ ಸರಳು ಕವಚಕ್ಕೆ ಬಡಿದಾಗ ಎರಡೂ ಲೋಹಗಳು ದ್ರವದಂತೆ ಹರಿಯುತ್ತವೆ. ಸರಳು ತುದಿಯಿಂದ ಸವೆಯುತ್ತಲೇ ಒಳಹೊಗುತ್ತದೆ. ಆದಕಾರಣ ಎಷ್ಟು ಆಳ ಹೋಗಬಲ್ಲದು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವವು ಅದರ ಉದ್ದ ಮತ್ತು ಸಾಂದ್ರತೆ. ಉಕ್ಕಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಎಂಟು ಗ್ರಾಂಗಿಂತ ತುಸು ಕಡಿಮೆ. ಟಂಗ್‌ಸ್ಟನ್ ಮಿಶ್ರಲೋಹ ಮತ್ತು ಶಕ್ತಿಗುಂದಿದ ಯುರೇನಿಯಂಗಳದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಯುರೇನಿಯಂ ಸರಳಿನ ತುದಿ ಒಳಹೊಗುವಾಗ ಅಂಚುಗಳಲ್ಲಿ ತುಂಡರಿಸಿ ಉದುರಿ ಚೂಪಾಗಿಯೇ ಉಳಿಯುತ್ತದೆ, ಟಂಗ್‌ಸ್ಟನ್ ತುದಿ ಅಣಬೆಯಂತೆ ಅರಳುತ್ತದೆ. ಯುರೇನಿಯಂ ಬಳಸಲೊಪ್ಪದ ಜರ್ಮನಿಯಂಥ ದೇಶಗಳು ಉದ್ದ ಬ್ಯಾರೆಲ್ಲಿನ ಕಡೆಗೂ ಈಗ 130 ಮಿ.ಮೀ. ಕಡೆಗೂ ವಾಲಿರುವುದಕ್ಕೆ ಈ ವ್ಯತ್ಯಾಸವೂ ಒಂದು ಹಿನ್ನೆಲೆ.

ಬ್ಯಾರೆಲ್ಲಿನ ಒಳಮೈ ನಯವಾಗಿರಬೇಕೇ, ಸುರುಳಿ ಗೀರುಗಳಿರಬೇಕೇ ಎಂಬ ಹಳೆಯ ಚರ್ಚೆಗೂ ಉತ್ತರ ಕೊಟ್ಟದ್ದು ಈ ಸರಳೇ. ಗೀರುಗಳುಳ್ಳ ರೈಫಲ್ಡ್ ಬ್ಯಾರೆಲ್ ಗುಂಡನ್ನು ಬುಗುರಿಯಂತೆ ತಿರುಗಿಸಿ ಸ್ಥಿರಗೊಳಿಸುತ್ತದೆ. ಆದರೆ ಗಿಡ್ಡ ಬುಗುರಿ ನಿಲ್ಲುವಂತೆ ಉದ್ದ ಕೋಲು ತಿರುಗುತ್ತ ನಿಲ್ಲುವುದಿಲ್ಲ. ಉದ್ದ ಸರಳಿಗೆ ರೆಕ್ಕೆಗಳೇ ಬೇಕು, ತಿರುಗುವಿಕೆ ಬೇಡ. ಒಳಮೈ ನಯವಾದ ಸ್ಮೂತ್‌ಬೋರ್ ಫಿರಂಗಿಯನ್ನು ಸರಣಿ ಉತ್ಪಾದನೆಯ ಟ್ಯಾಂಕಿಗೆ ಮೊದಲು ಅಳವಡಿಸಿದ್ದು ಟಿ-62ರಲ್ಲಿ. ಟೊಳ್ಳು ಸಿಡಿತಲೆಯ ಗುಂಡುಗಳಿಗೂ ತಿರುಗುವಿಕೆ ಶತ್ರುವೇ: ಅವುಗಳಲ್ಲಿ ಸಿಡಿತದಿಂದ ಹುಟ್ಟುವ ತಾಮ್ರದ ಚಿಲುಮೆಯನ್ನು ಅದು ಚದುರಿಸಿಬಿಡುತ್ತದೆ. ಎಎಂಎಕ್ಸ್-30ರ ರೈಫಲ್ಡ್ ಫಿರಂಗಿಗಾಗಿ ಫ್ರೆಂಚರು ಮಾಡಿದ ಗುಂಡಿನಲ್ಲಿ ಹೊರಕವಚ ಮಾತ್ರ ತಿರುಗಿ, ಒಳಗಿನ ಸಿಡಿತಲೆ ಬಾಲ್ ಬೇರಿಂಗುಗಳ ಮೇಲೆ ಹೆಚ್ಚುಕಡಿಮೆ ನಿಂತೇ ಇರುತ್ತಿತ್ತು. ಜಾಣತನದ ಪರಿಹಾರ, ಆದರೆ ದುಬಾರಿ. ಅದು ಹೆಚ್ಚು ಹರಡಲಿಲ್ಲ.

ಹಾಗೆಂದು ರೈಫಲ್ಡ್ ಫಿರಂಗಿ ಕಂಡರೆ ನಗುವುದೂ ಬೇಡ. ಬ್ರಿಟನ್ನಿನ ಚಾಲೆಂಜರ್ 2 ಮತ್ತು ಭಾರತದ ಅರ್ಜುನ್ 120 ಮಿ.ಮೀ. ರೈಫಲ್ಡ್ ಫಿರಂಗಿಗಳನ್ನೇ ಹೊತ್ತಿವೆ. ಗುರಿಗೆ ಅಂಟಿ ಹರಡಿಕೊಂಡು ಸಿಡಿಯುವ ಹೆಶ್ ಗುಂಡು ಈ ಬಗೆಯ ಬ್ಯಾರೆಲ್ಲಿಗೆ ಒಗ್ಗುತ್ತದೆ, ಕಟ್ಟಡ ಮತ್ತು ಬಂಕರುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಚಾಲೆಂಜರ್ 1 ನಾಲ್ಕೂವರೆ ಕಿಲೋಮೀಟರಿಗಿಂತ ಹೆಚ್ಚು ದೂರದಿಂದ ಟ್ಯಾಂಕೊಂದನ್ನು ಕೆಡವಿದ್ದು ರೈಫಲ್ಡ್ ಬ್ಯಾರೆಲ್ಲಿನಿಂದಲೇ. ಬ್ರಿಟನ್ ಈಗ ಚಾಲೆಂಜರ್ 3ಕ್ಕೆ ರೈನ್‌ಮೆಟಲ್‌ನ ಸ್ಮೂತ್‌ಬೋರ್ ಎಲ್/55ಎ1 ಅಳವಡಿಸುತ್ತಿರುವುದರ ಹಿಂದೆ ಮಿತ್ರದೇಶಗಳೊಂದಿಗೆ ಒಂದೇ ಗುಂಡನ್ನು ಹಂಚಿಕೊಳ್ಳುವ ಲೆಕ್ಕಾಚಾರವೂ ಇದೆ. ಪಟ್ಟಿಯಲ್ಲಿ ಇದನ್ನು ಹೀಗೆ ಗುರುತು ಮಾಡಿಕೊಳ್ಳಿ: ಈ ಫಿರಂಗಿಯ ಗುಂಡನ್ನು ಇನ್ನೆಷ್ಟು ದೇಶಗಳು ತಯಾರಿಸುತ್ತವೆ?

ಗುಂಡಿನ ಭೇದನಶಕ್ತಿಯನ್ನು ಇಂತಿಷ್ಟು ಮಿಲಿಮೀಟರ್ ಉಕ್ಕು ಎಂದು ಬರೆದಿದ್ದರೆ, ಅದರ ಪಕ್ಕದಲ್ಲಿ ದೂರ ಮತ್ತು ತಗಲುವ ಕೋನ ಎರಡೂ ಇವೆಯೇ ನೋಡಿ. ಇಲ್ಲದಿದ್ದರೆ ಆ ಸಂಖ್ಯೆಯನ್ನು ಹೊಡೆದುಹಾಕಿ. ಇದ್ದರೂ ಅದು ಏಕರೂಪದ ಉಕ್ಕಿನ ಹಲಗೆಯ ಲೆಕ್ಕ. ಇಂದಿನ ಟ್ಯಾಂಕಿನ ಮುಂಭಾಗದಲ್ಲಿ ಅಂಥ ಹಲಗೆ ಇರುವುದಿಲ್ಲ.

ಮದ್ದುಗುಂಡು ಎಲ್ಲಿದೆ ಎಂದು ಹುಡುಕುವುದು

ವಿವರಪಟ್ಟಿಯಲ್ಲಿ ಅತ್ಯಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಟ್ಯಾಂಕಿನ ಅಡ್ಡಕೊಯ್ತದ ಚಿತ್ರವೊಂದನ್ನು ದೊರಕಿಸಿಕೊಂಡು ಗುಂಡುಗಳಿರುವ ಜಾಗಗಳಿಗೆಲ್ಲ ಬಣ್ಣ ಹಚ್ಚಿದರೆ ಆ ವಿನ್ಯಾಸದ ಮನೋಧರ್ಮ ಒಂದೇ ನೋಟಕ್ಕೆ ತಿಳಿಯುತ್ತದೆ.

ಟಿ-72ರಲ್ಲಿ ಬಣ್ಣ ಟರೆಟ್ಟಿನ ನೆಲದ ಕೆಳಗೆ ವೃತ್ತಾಕಾರವಾಗಿ ಬೀಳುತ್ತದೆ. ಅಲ್ಲಿ ಗುಂಡು ತುಂಬುವ ಯಂತ್ರವಾದ ಆಟೋಲೋಡರಿನ ತಿರುಗುತಟ್ಟೆಯಿದ್ದು, 22 ಗುಂಡುಗಳು ಚಕ್ರದ ಅರೆಗಳಂತೆ ಜೋಡಣೆಯಾಗಿರುತ್ತವೆ. ಗುಂಡು ಒಂದು ತುಂಡು, ನೂಕುಮದ್ದು ಇನ್ನೊಂದು ತುಂಡು. ಯಂತ್ರವು ಬೇಕಾದ ಗುಂಡನ್ನು ಸುತ್ತಿಸಿ ತಂದು, ಮೇಲೆತ್ತಿ, ಮೊದಲು ಗುಂಡನ್ನೂ ಬಳಿಕ ಮದ್ದನ್ನೂ ಫಿರಂಗಿಗೆ ತಳ್ಳುತ್ತದೆ. ಇದರಿಂದ ಗುಂಡು ತುಂಬುವ ಸೈನಿಕ ಬೇಡವಾದ, ಸಿಬ್ಬಂದಿ ಮೂವರಿಗೆ ಇಳಿಯಿತು, ಟ್ಯಾಂಕ್ ಕುಳ್ಳಗೂ ಹಗುರವಾಗಿಯೂ ಆಯಿತು. ತೆತ್ತ ಬೆಲೆ ಎರಡು. ತಟ್ಟೆಯ ಅಳತೆ ಸರಳಿನ ಉದ್ದಕ್ಕೆ ಗಡಿ ಹಾಕಿತು. ಮುಂದೆ ಉದ್ದ ಸರಳಿನ ಗುಂಡು ಬೇಕಾದಾಗ ಆಟೋಲೋಡರನ್ನೇ ಮಾರ್ಪಡಿಸಬೇಕಾಯಿತು. 125 ಮಿ.ಮೀ. ಎಂಬ ದೊಡ್ಡ ಸಂಖ್ಯೆ 120ನ್ನು ಸುಲಭವಾಗಿ ಮೀರಿಸಲಾಗದೆ ಹೋದದ್ದಕ್ಕೆ ಮುಖ್ಯ ಕಾರಣ ಇದೇ. ಎರಡನೆಯ ಬೆಲೆ ಇನ್ನೂ ಕಠೋರವಾದದ್ದು: ಸಿಬ್ಬಂದಿ ಮದ್ದಿನ ಮೇಲೆಯೇ ಕುಳಿತಿರುತ್ತಾರೆ. ತಟ್ಟೆಯಲ್ಲಿ ಹಿಡಿಸದ ಉಳಿದ ಗುಂಡುಗಳು ಒಡಲಿನ ಅಲ್ಲಲ್ಲಿ ಇನ್ನೂ ಹೆಚ್ಚು ಬಯಲಾಗಿ ಇರುತ್ತವೆ. ಕವಚವನ್ನು ಭೇದಿಸಿದ ಒಂದು ಚೂರು ಮದ್ದಿಗೆ ಬೆಂಕಿ ಹಚ್ಚಿದರೆ ಟರೆಟ್ಟೇ ಕಿತ್ತು ಮೇಲೆ ಹಾರುತ್ತದೆ. ಉಕ್ರೇನ್ ಯುದ್ಧದ ಚಿತ್ರಗಳಲ್ಲಿ ಒಡಲಿನಿಂದ ದೂರ ಬಿದ್ದಿರುವ ಟರೆಟ್ಟುಗಳನ್ನು ಲೋಕವೆಲ್ಲ ಕಂಡಿದೆ.

ಏಬ್ರಾಮ್ಸ್‌ನ ಚಿತ್ರಕ್ಕೆ ಬಣ್ಣ ಹಚ್ಚಿದರೆ ಅದು ಬಹುಪಾಲು ಟರೆಟ್ಟಿನ ಹಿಂಗಡೆಯ ಪೆಟ್ಟಿಗೆಯಲ್ಲಿ ಬೀಳುತ್ತದೆ. ಎಂ1ಎ1ರ 40 ಗುಂಡುಗಳಲ್ಲಿ 34 ಅಲ್ಲಿವೆ. ಪೆಟ್ಟಿಗೆಗೂ ಸಿಬ್ಬಂದಿಗೂ ನಡುವೆ ಸರಿಯುವ ದಪ್ಪ ಬಾಗಿಲಿದೆ. ಪೆಟ್ಟಿಗೆಯ ಮೇಲಿನ ಹಲಗೆಗಳನ್ನು ಬೇಕೆಂದೇ ದುರ್ಬಲವಾಗಿ ಕೂರಿಸಿದ್ದಾರೆ. ಮದ್ದು ಹೊತ್ತಿಕೊಂಡರೆ ಹಲಗೆಗಳು ಕಿತ್ತುಹೋಗಿ ಬೆಂಕಿ ಆಕಾಶಕ್ಕೆ ನುಗ್ಗುತ್ತದೆ, ಬಾಗಿಲು ಮುಚ್ಚಿದ್ದರೆ ಸಿಬ್ಬಂದಿ ಬದುಕುಳಿಯುವ ಸಂಭವ ಹೆಚ್ಚು. ಬಾಗಿಲು ಮುಚ್ಚಿದ್ದರೆ ಎಂಬ ಷರತ್ತನ್ನು ಗಮನಿಸಿ: ಗುಂಡು ತುಂಬುವವನು ಪ್ರತಿ ಸಲವೂ ಅದನ್ನು ತೆರೆಯಲೇಬೇಕು. ಲೆಪರ್ಡ್ 2ರಲ್ಲಿ ಈ ವ್ಯವಸ್ಥೆ ಅರ್ಧದಷ್ಟೇ ಇದೆ. ಟರೆಟ್ಟಿನ ಹಿಂದೆ 15 ಗುಂಡುಗಳು ಸುರಕ್ಷಿತವಾಗಿದ್ದರೆ, ಚಾಲಕನ ಪಕ್ಕದ ಒಡಲಿನಲ್ಲಿ 27 ಗುಂಡುಗಳು ಅಂಥ ರಕ್ಷಣೆಯಿಲ್ಲದೆ ಇವೆ. ಟಿ-72ನ್ನು ಹಳಿಯುವಷ್ಟೇ ಉತ್ಸಾಹದಿಂದ ಲೆಪರ್ಡನ್ನು ಹೊಗಳುವವರು ಈ 27ನ್ನು ಮರೆಯುತ್ತಾರೆ.

ಫ್ರಾನ್ಸಿನ ಲೆಕ್ಲೆರ್ಕ್ ಮೂರನೆಯ ದಾರಿ ಹಿಡಿಯಿತು. ಆಟೋಲೋಡರನ್ನೇ ಟರೆಟ್ಟಿನ ಹಿಂದಿನ ಪೆಟ್ಟಿಗೆಯಲ್ಲಿಟ್ಟು ಅದರಲ್ಲಿ 22 ಗುಂಡುಗಳನ್ನು ಕೂರಿಸಿತು. ಗುಂಡು ಒಂದೇ ತುಂಡಿನದು, ಮದ್ದು ಬೇರೆ ಕೋಣೆಯಲ್ಲಿದೆ, ಸಿಬ್ಬಂದಿ ಮೂವರೇ. ಜಪಾನಿನ ಟೈಪ್ 90 ಮತ್ತು ಟೈಪ್ 10, ದಕ್ಷಿಣ ಕೊರಿಯಾದ ಕೆ2 ಇದೇ ಮಾದರಿಯವು. ಹೊಸ ವಿನ್ಯಾಸಗಳು ಹೆಚ್ಚಾಗಿ ಈ ಕಡೆಗೆ ಸಾಗುತ್ತಿರುವುದಕ್ಕೆ ಕಾರಣ ಫಿರಂಗಿಯೇ. 120 ಮಿ.ಮೀ. ಗುಂಡು ಇಪ್ಪತ್ತು ಕಿಲೋಗ್ರಾಂ ಆಸುಪಾಸು ತೂಗುತ್ತದೆ. ತರಬೇತಿ ಪಡೆದ ಸೈನಿಕ ಅದನ್ನು ಕೆಲವೇ ಸೆಕೆಂಡುಗಳಲ್ಲಿ ತುಂಬಬಲ್ಲ. 130, 140 ಮಿ.ಮೀ. ಗುಂಡುಗಳನ್ನು ಹಾಗೆ ಓಡುವ ಟ್ಯಾಂಕಿನೊಳಗೆ ಒಬ್ಬನೇ ಮತ್ತೆ ಮತ್ತೆ ಎತ್ತಿ ತಿರುಗಿಸಿ ತಳ್ಳುವುದು ಆಗದ ಮಾತು. ಆದ್ದರಿಂದ ದೊಡ್ಡ ಒಳವ್ಯಾಸವನ್ನು ಆರಿಸಿಕೊಂಡವರು ಆಟೋಲೋಡರನ್ನೂ ಮೂವರ ಸಿಬ್ಬಂದಿಯನ್ನೂ ಆರಿಸಿಕೊಂಡಂತೆಯೇ. ನಾಲ್ಕನೆಯ ಸೈನಿಕ ಇಲ್ಲವಾದರೆ ಚಕ್ರಗಳನ್ನು ಸುತ್ತುವ ಉಕ್ಕಿನ ಸರಪಟ್ಟಿ ಕಳಚಿದಾಗ ಜೋಡಿಸಲು, ರಾತ್ರಿ ಕಾವಲಿಗೆ, ಗುಂಡು ತುಂಬಿಸಿಕೊಳ್ಳಲು ಎರಡು ಕೈ ಕಡಿಮೆಯಾಗುತ್ತವೆ. ಈ ನಷ್ಟ ಯಾವ ಕರಪತ್ರದಲ್ಲೂ ಇರುವುದಿಲ್ಲ.

ಗುಂಡಿನ ಸಂಖ್ಯೆಯೂ ಇಳಿಯುತ್ತದೆ. 105 ಮಿ.ಮೀ. ಫಿರಂಗಿಯ ಮೊದಲ ಏಬ್ರಾಮ್ಸ್ 55 ಗುಂಡುಗಳನ್ನು ಹೊರುತ್ತಿತ್ತು, 120 ಮಿ.ಮೀ.ಗೆ ಏರಿದೊಡನೆ ಅದು 40ಕ್ಕೆ ಇಳಿಯಿತು. 2022ರಲ್ಲಿ ಪ್ಯಾರಿಸ್ಸಿನ ಯೂರೋಸೆಟರಿ ಪ್ರದರ್ಶನದಲ್ಲಿ ಕಾಣಿಸಿಕೊಂಡ ರೈನ್‌ಮೆಟಲ್‌ನ ಕೆಎಫ್51 ಪ್ಯಾಂಥರ್ 130 ಮಿ.ಮೀ. ಫಿರಂಗಿಯದು, ಅದರ ಆಟೋಲೋಡರಿನಲ್ಲಿ ಹತ್ತು ಹತ್ತರ ಎರಡು ಉರುಳೆಗಳಲ್ಲಿ 20 ಗುಂಡುಗಳಿವೆ. ಫ್ರಾನ್ಸಿನ 140 ಮಿ.ಮೀ. ಆಸ್ಕಲಾನ್ ಯೋಜನೆ ಗುಂಡನ್ನು ಮದ್ದಿನೊಳಗೇ ಹುದುಗಿಸಿ ಉದ್ದವನ್ನು ತಗ್ಗಿಸುವ ದಾರಿ ಹಿಡಿದಿರುವುದು ಈ ಜಾಗದ ಬಿಕ್ಕಟ್ಟಿಗೆ ಉತ್ತರವಾಗಿ. ಹೊಸ ಟ್ಯಾಂಕಿನ ಪಟ್ಟಿ ಕೈಗೆ ಬಂದಾಗ ಸಿದ್ಧ ಗುಂಡುಗಳ ಸಂಖ್ಯೆಯನ್ನು ನೋಡಿ, ಅವು ಮುಗಿದ ಮೇಲೆ ಮರುತುಂಬಿಸಲು ಸಿಬ್ಬಂದಿ ಹೊರಗೆ ಇಳಿಯಬೇಕೇ ಎಂದು ಕೇಳಿಕೊಳ್ಳಿ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಸಿಗುವುದು ಮನುಷ್ಯರಿಲ್ಲದ ಟರೆಟ್. 2015ರಲ್ಲಿ ಮಾಸ್ಕೋದ ವಿಜಯ ದಿನದ ಪಥಸಂಚಲನದಲ್ಲಿ ಕಂಡ ರಷ್ಯಾದ ಟಿ-14 ಅರ್ಮಾಟದಲ್ಲಿ ಮೂವರು ಸಿಬ್ಬಂದಿ ಒಡಲಿನ ಮುಂಭಾಗದ ಕವಚದ ಕೋಣೆಯಲ್ಲಿ ಸಾಲಾಗಿ ಕೂರುತ್ತಾರೆ. ಮದ್ದು ಮತ್ತು ಫಿರಂಗಿ ಅವರ ಹಿಂದೆ, ಬೇರೆ ಗೋಡೆಯ ಆಚೆ. ಅಮೆರಿಕದಲ್ಲಿ 2022ರಲ್ಲಿ ತೋರಿಸಿದ ಏಬ್ರಾಮ್ಸ್‌ಎಕ್ಸ್ ಮಾದರಿಯಲ್ಲಿಯೂ ಟರೆಟ್ ಖಾಲಿ. ರಕ್ಷಿಸಬೇಕಾದ ಜಾಗ ಚಿಕ್ಕದಾದಷ್ಟೂ ಕವಚದ ತೂಕ ಉಳಿಯುತ್ತದೆ. ಆದರೆ ಕಮಾಂಡರ್ ತಲೆ ಹೊರಗೆ ಹಾಕಿ ಸುತ್ತ ನೋಡುವ ಅವಕಾಶ ಹೋಗಿ, ಎಲ್ಲವೂ ಕ್ಯಾಮೆರಾಗಳ ಮೇಲೆ ನಿಲ್ಲುತ್ತದೆ. ಫಿರಂಗಿಯಲ್ಲಿ ಗುಂಡು ಸಿಕ್ಕಿಕೊಂಡರೆ ಕೈಹಾಕಿ ಬಿಡಿಸಲು ಅಲ್ಲಿ ಯಾರೂ ಇರುವುದಿಲ್ಲ.

ತೂಕ, ಹಿಂಚಲನೆ, ಕೆಳಬಾಗು

ಅಶ್ವಶಕ್ತಿಯನ್ನು ಟನ್ನುಗಳಿಂದ ಭಾಗಿಸಿ. 1980ರ ಎಂ1 ಸುಮಾರು 54 ಟನ್ ಇತ್ತು, ಎಂಜಿನ್ 1,500 ಅಶ್ವಶಕ್ತಿಯದು. ಟನ್ನಿಗೆ 27ಕ್ಕಿಂತ ಹೆಚ್ಚು ಸಿಗುತ್ತಿತ್ತು. ಅದೇ ಎಂಜಿನ್ನಿನ ಎಂ1ಎ2 ಸೆಪ್ ವಿ3 ಸುಮಾರು 67 ಟನ್. ಈಗ 22 ಅಷ್ಟೆ. ಜಪಾನಿನ ಟೈಪ್ 10 ಅದೇ 120 ಮಿ.ಮೀ. ಒಳವ್ಯಾಸದ ಫಿರಂಗಿಯನ್ನು 44 ಟನ್ನಿನೊಳಗೆ ಹೊತ್ತು 1,200 ಅಶ್ವಶಕ್ತಿಯಿಂದಲೇ 27ರ ಮಟ್ಟದಲ್ಲಿದೆ, ಏಕೆಂದರೆ 50 ಟನ್ನಿನ ಟೈಪ್ 90 ಆ ದೇಶದ ಬಹಳಷ್ಟು ರಸ್ತೆ ಮತ್ತು ಸೇತುವೆಗಳಿಗೆ ಭಾರವಾಗಿತ್ತು. ತೂಕದ ಸಮಸ್ಯೆ ಎಂಜಿನ್ನಿಗೆ ನಿಲ್ಲುವುದಿಲ್ಲ: ಸೇತುವೆ, ಸಾಗಣೆ ಟ್ರೇಲರ್, ಕೆಟ್ಟು ನಿಂತ ಟ್ಯಾಂಕನ್ನು ಎಳೆಯುವ ವಾಹನ ಎಲ್ಲವೂ ಅದರ ಜತೆಗೆ ಬೆಳೆಯಬೇಕು. 2023ರಲ್ಲಿ ಅಮೆರಿಕ ಸೆಪ್ ವಿ4 ಸುಧಾರಣೆಯನ್ನು ಕೈಬಿಟ್ಟು ಎಂ1ಇ3 ಎಂಬ ಹೊಸ ವಿನ್ಯಾಸಕ್ಕೆ ತಿರುಗಿದಾಗ ಮುಂದಿಟ್ಟ ಮುಖ್ಯ ಕಾರಣಗಳಲ್ಲಿ ತೂಕವೂ ಒಂದು. ಇನ್ನೊಂದು ತುದಿಯಲ್ಲಿ, ಎತ್ತರದ ಪರ್ವತ ಪ್ರದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಚೀನಾ ಟೈಪ್ 15ನ್ನೂ ಭಾರತ 25 ಟನ್ನಿನ ಜೊರಾವರನ್ನೂ ರೂಪಿಸಿವೆ. ಎರಡರಲ್ಲೂ ಫಿರಂಗಿ 105 ಮಿ.ಮೀ.ಯದೇ.

ಹಿಂಚಲನೆಯ ವೇಗ ಟಿ-72ರಲ್ಲಿ ಗಂಟೆಗೆ ಸುಮಾರು 4 ಕಿ.ಮೀ., ಲೆಪರ್ಡ್ 2ರಲ್ಲಿ ಸುಮಾರು 31 ಕಿ.ಮೀ. ಗುಂಡು ಹಾರಿಸಿ ಶತ್ರುವಿನ ಕಣ್ಣಿಗೆ ಬಿದ್ದ ಟ್ಯಾಂಕ್ ಮುಂಭಾಗವನ್ನು ಶತ್ರುವಿನತ್ತಲೇ ಇಟ್ಟುಕೊಂಡು ಮರೆಗೆ ಸರಿಯಬೇಕು. ನಡಿಗೆಯ ವೇಗದಲ್ಲಿ ಅದು ಸಾಧ್ಯವಿಲ್ಲ. ದಿಬ್ಬದ ಹಿಂದೆ ಒಡಲನ್ನು ಅಡಗಿಸಿ ಟರೆಟ್ ಮಾತ್ರ ಮೇಲೆ ಕಾಣುವಂತೆ ನಿಲ್ಲಬೇಕಾದರೆ ಫಿರಂಗಿ ಕೆಳಕ್ಕೆ ಬಾಗಬೇಕು. ಪಾಶ್ಚಾತ್ಯ ಟ್ಯಾಂಕುಗಳಲ್ಲಿ ಈ ಕೋನ ಹತ್ತು ಡಿಗ್ರಿಯವರೆಗೆ ಇದ್ದರೆ, ಕುಳ್ಳಗಿರುವ ಸೋವಿಯತ್ ಟರೆಟ್ಟುಗಳಲ್ಲಿ ಅದರ ಅರ್ಧದ ಆಸುಪಾಸು. ಫಿರಂಗಿಯ ಬಾಯಿ ಕೆಳಗಿಳಿದಾಗ ಅದರ ಹಿಂಭಾಗ ಮೇಲೇಳಬೇಕಲ್ಲವೇ. ತಗ್ಗಿದ ಛಾವಣಿಯಲ್ಲಿ ಅದಕ್ಕೆ ಜಾಗವಿಲ್ಲ.

ಗುರಿ ಹಿಡಿಯುವ ವ್ಯವಸ್ಥೆ

ಎರಡು ಕಿಲೋಮೀಟರ್ ದೂರದ ಗುರಿಗೆ 1,700 ಮೀಟರ್ ವೇಗದ ಸರಳು ಸುಮಾರು 1.2 ಸೆಕೆಂಡಿನಲ್ಲಿ ತಲುಪುತ್ತದೆ. ಗುರಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಅಡ್ಡ ಹಾಯುತ್ತಿದ್ದರೆ ಅಷ್ಟರಲ್ಲಿ 12 ಮೀಟರ್ ಸರಿದಿರುತ್ತದೆ, ಒಂದು ಟ್ಯಾಂಕಿನ ಒಡಲಿನ ಉದ್ದಕ್ಕಿಂತ ಹೆಚ್ಚು. ಇನ್ನು ಬ್ಯಾರೆಲ್: ಬಿಸಿಲು ಒಂದು ಮಗ್ಗುಲಿಗೆ ಬಿದ್ದರೆ ಆ ಮಗ್ಗುಲು ಹಿಗ್ಗಿ ಬ್ಯಾರೆಲ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗು ಒಂದು ಮಿಲಿರೇಡಿಯನ್ ಇದ್ದರೂ ಎರಡು ಕಿಲೋಮೀಟರಿನಲ್ಲಿ ಗುಂಡು ಎರಡು ಮೀಟರ್ ಆಚೆ ಹೋಗುತ್ತದೆ. ಬ್ಯಾರೆಲ್ಲಿಗೆ ಶಾಖ ಹಂಚುವ ಹೊದಿಕೆ ತೊಡಿಸುವುದೂ ತುದಿಯಲ್ಲಿ ಪುಟ್ಟ ಕನ್ನಡಿಯಿಟ್ಟು ಬಾಗನ್ನು ಅಳೆದು ಗಣಕಕ್ಕೆ ಕೊಡುವುದೂ ಇದಕ್ಕಾಗಿಯೇ. ಲೇಸರ್ ದೂರಮಾಪಕ, ಎರಡೂ ಅಕ್ಷಗಳ ಸ್ಥಿರೀಕರಣ, ಗಾಳಿ ಮತ್ತು ಮದ್ದಿನ ತಾಪದ ಲೆಕ್ಕ ಈಗ ಎಲ್ಲರಲ್ಲೂ ಇರುವಂಥವು. ವ್ಯತ್ಯಾಸ ಕಾಣಬೇಕಾದರೆ ಕಮಾಂಡರನಿಗೆ ಗನ್ನರನಿಂದ ಸ್ವತಂತ್ರವಾಗಿ ಸುತ್ತುವ ಉಷ್ಣಚಿತ್ರ ದರ್ಶಕ ಇದೆಯೇ ನೋಡಿ. ಗನ್ನರ್ ಒಂದು ಗುರಿಗೆ ಹಾರಿಸುತ್ತಿರುವಾಗಲೇ ಕಮಾಂಡರ್ ಮುಂದಿನದನ್ನು ಹುಡುಕಿ ಒಪ್ಪಿಸುವುದು ಅದರಿಂದಲೇ ಸಾಧ್ಯ. 1991ರ ಫೆಬ್ರವರಿ 26ರಂದು ಇರಾಕಿನ ಮರುಭೂಮಿಯಲ್ಲಿ ನಡೆದ 73 ಈಸ್ಟಿಂಗ್ ಕದನದಲ್ಲಿ, ಮರಳುಗಾಳಿಯ ಮಬ್ಬಿನಲ್ಲಿ, ಉಷ್ಣಚಿತ್ರದಿಂದ ಮೊದಲು ಕಂಡವರು ಮೊದಲು ಹೊಡೆದರು.

ಕವಚ ಮತ್ತು ಮೇಲಿನಿಂದ ಬರುವ ಏಟು

ಫಿರಂಗಿ ಬೆಳೆಯಲು ಪ್ರೇರಣೆ ಕವಚದಿಂದ ಬಂತು. ಸ್ಫೋಟಕ ತುಂಬಿದ ಇಟ್ಟಿಗೆಗಳನ್ನು ಹೊರಮೈಗೆ ಜೋಡಿಸುವ ಪ್ರತಿಸ್ಫೋಟಕ ಕವಚವನ್ನು ಇಸ್ರೇಲ್ 1982ರ ಲೆಬನಾನ್ ಯುದ್ಧದಲ್ಲಿ ಬಳಸಿತು. ಅದು ಟೊಳ್ಳು ಸಿಡಿತಲೆಗಳ ವಿರುದ್ಧ ಮಾತ್ರ. 1980ರ ದಶಕದ ಮಧ್ಯದಲ್ಲಿ ಬಂದ ಸೋವಿಯತ್ ಕಾಂಟಾಕ್ಟ್-5 ಉದ್ದ ಸರಳುಗಳನ್ನೂ ಮುರಿಯತೊಡಗಿತು. ಅದೇ ದಶಕದ ಕೊನೆಯಲ್ಲಿ ಅಮೆರಿಕ, ಬ್ರಿಟನ್, ಜರ್ಮನಿ, ಫ್ರಾನ್ಸ್ ಕೂಡಿ 140 ಮಿ.ಮೀ. ಫಿರಂಗಿಯತ್ತ ಕೆಲಸ ಆರಂಭಿಸಿದ್ದು ಇಂಥ ಆತಂಕದಿಂದ. ಸೋವಿಯತ್ ಕಡೆಯಲ್ಲಿ 152 ಮಿ.ಮೀ. ಪ್ರಯೋಗಗಳು ನಡೆದವು. ಶೀತಲ ಸಮರ ಮುಗಿದೊಡನೆ ಎರಡೂ ಕಡೆ ಯೋಜನೆಗಳು ಮೂಲೆಗೆ ಸರಿದವು. ಜರ್ಮನಿಗೆ ಎಲ್/55 ಸಾಕೆನಿಸಿತು.

ಈಗ ಅಪಾಯದ ದಿಕ್ಕು ಬದಲಾಗಿದೆ. ಮೇಲಿನಿಂದ ಎರಗುವ ಜಾವೆಲಿನ್‌ನಂಥ ಕ್ಷಿಪಣಿಗಳೂ 2022ರಿಂದ ಉಕ್ರೇನಿನಲ್ಲಿ ಅಗ್ಗದ ಡ್ರೋನುಗಳೂ ಟ್ಯಾಂಕಿನ ತೆಳು ಛಾವಣಿ ಮತ್ತು ಹಿಂಭಾಗವನ್ನೇ ಆರಿಸಿ ಹೊಡೆಯುತ್ತಿವೆ. ಬರುವ ಅಸ್ತ್ರವನ್ನು ರಾಡಾರಿನಿಂದ ಗುರುತಿಸಿ ದಾರಿಯಲ್ಲೇ ಒಡೆಯುವ ಸಕ್ರಿಯ ರಕ್ಷಣೆ ಹೊಸ ಕಲ್ಪನೆಯೇನಲ್ಲ. ಸೋವಿಯತ್ ಡ್ರೋಜ್ಡ್ 1983ರಲ್ಲೇ ಟಿ-55ರ ಒಂದು ರೂಪದಲ್ಲಿ ಬಂದಿತ್ತು. ಇಸ್ರೇಲಿನ ಟ್ರೋಫಿ 2011ರಲ್ಲಿ ಮೆರ್ಕಾವ 4ರ ಮೇಲೆ ಮೊದಲ ಬಾರಿಗೆ ಯುದ್ಧದಲ್ಲಿ ಕ್ಷಿಪಣಿಯೊಂದನ್ನು ತಡೆದ ಮೇಲೆ ಅದು ಬೇರೆ ಸೇನೆಗಳಿಗೂ ಹರಡಿತು. ಪಟ್ಟಿಯಲ್ಲಿ ಇಂಥ ವ್ಯವಸ್ಥೆ ಇದ್ದರೆ, ಅದು ನೇರ ಮೇಲಿನಿಂದ ಬೀಳುವುದನ್ನು ತಡೆಯುತ್ತದೆಯೇ, ಎಷ್ಟು ಏಟುಗಳಿಗೆ ಸಾಕು ಎಂದು ಹುಡುಕಿ. ನನ್ನ ಅಭಿಪ್ರಾಯದಲ್ಲಿ, 130 ಮಿ.ಮೀ. ಫಿರಂಗಿಯಿಲ್ಲದೆ ಭೇದಿಸಲಾಗದ ಟ್ಯಾಂಕುಗಳು ಇಂದು ರಣರಂಗದಲ್ಲಿ ವಿರಳ. ಡ್ರೋನನ್ನು ಕಾಣಲಾಗದ ಟ್ಯಾಂಕುಗಳೋ ಬಹಳ. ದೊಡ್ಡ ಫಿರಂಗಿಗೆಂದು ಕೊಟ್ಟ ತೂಕ ಮತ್ತು ಜಾಗವನ್ನು ರಕ್ಷಣೆ ಹಾಗೂ ಸಂವೇದಕಗಳಿಗೆ ಕೊಟ್ಟಿದ್ದರೆ ಏನು ಸಿಗುತ್ತಿತ್ತು ಎಂಬ ಪ್ರಶ್ನೆಯನ್ನು ಪ್ರತಿ ಹೊಸ ವಿನ್ಯಾಸಕ್ಕೂ ಕೇಳಬೇಕು. ಇದಕ್ಕೆ ಎದುರಾದ ವಾದವೂ ಹಗುರವಾದದ್ದಲ್ಲ: ಟ್ಯಾಂಕೊಂದು ನಲವತ್ತು ವರ್ಷ ಸೇವೆಯಲ್ಲಿರುತ್ತದೆ, ಟರೆಟ್ಟಿನ ಅಳತೆಯನ್ನು ನಂತರ ಹಿಗ್ಗಿಸುವುದು ಕಷ್ಟ.

ಕೊನೆಗೆ, ಪಟ್ಟಿಯ ತಲೆಯಲ್ಲಿ ಆ ಟ್ಯಾಂಕಿನ ಸ್ಥಿತಿಯನ್ನು ಬರೆಯಿರಿ: ಪ್ರದರ್ಶನ ಮಾದರಿ, ಪ್ರಯೋಗ ಮಾದರಿ, ಆದೇಶ ಪಡೆದದ್ದು, ಸೇವೆಯಲ್ಲಿರುವುದು. ಕೆಎಫ್51ರ ಸಂಖ್ಯೆಗಳನ್ನು ಲೆಪರ್ಡ್ 2ಎ7ರ ಪಕ್ಕದಲ್ಲಿಟ್ಟು ಹೋಲಿಸುವುದು, ಇನ್ನೂ ಅಭಿವೃದ್ಧಿಯಲ್ಲಿರುವುದನ್ನು ಸೇನೆಯೊಂದು ದಿನವೂ ಬಳಸಿ ಸವೆಸುತ್ತಿರುವುದರ ಜತೆ ತೂಗಿದಂತೆ. ಟಿ-14 ಪಥಸಂಚಲನದಲ್ಲಿ ಕಂಡದ್ದು 2015ರಲ್ಲಿ. ರಷ್ಯಾ ಉಕ್ರೇನಿನಲ್ಲಿ ಹೋರಾಡುತ್ತ ಬಂದದ್ದು ಮುಖ್ಯವಾಗಿ ಟಿ-72, ಟಿ-80, ಟಿ-90ಗಳಿಂದ. ಫ್ರಾನ್ಸ್ ಮತ್ತು ಜರ್ಮನಿ ಕೂಡಿ ರೂಪಿಸುತ್ತಿರುವ, ಎಂಜಿಸಿಎಸ್ ಎಂಬ ಮುಂದಿನ ತಲೆಮಾರಿನ ಟ್ಯಾಂಕಿನ ಯೋಜನೆಯಲ್ಲಿ 130 ಮತ್ತು 140 ಮಿ.ಮೀ.ಗಳ ನಡುವಿನ ಪೈಪೋಟಿಯ ಸುದ್ದಿ ಬಂದಾಗ ಆ ಎರಡು ಸಂಖ್ಯೆಗಳನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಡಿ; ಗುಂಡಿನ ಉದ್ದ, ಸಿದ್ಧ ಗುಂಡುಗಳ ಸಂಖ್ಯೆ ಮತ್ತು ಒಟ್ಟು ತೂಕ ಪ್ರಕಟವಾದ ದಿನ ಅವನ್ನು ಶಾಯಿಯಲ್ಲಿ ತಿದ್ದಬಹುದು.